ಕತ್ತರಿಯ ಬಾಯಿಗೆ ಕರಿ ದಾರ

ನನ್ನ ಮಗ ಮಾಂತು ಎಪ್ಪತ್ತು ದಾಟಿದ ಮೇಲೆ ಕಾರು ಕೊಂಡ. ಎತ್ತಿನ ಗಾಡಿ ಹೊಡೆದ ಹಾಗೆ ಹೊಡೆಯುತ್ತಾನೆ. ಹಿಂದಿನಿಂದ ಬಂದವರೆಲ್ಲ ಹಾರ್ನ್ ಬಾರಿಸಿ, ಅವನ ಬಿಳಿ ತಲೆ ನೋಡಿ, ಬೈಗುಳ ನುಂಗಿಕೊಂಡು ಮುಂದೆ ಹೋಗುತ್ತಾರೆ. ಅದಕ್ಕೆ ನನ್ನದೇನೂ ತಕರಾರಿಲ್ಲ. ತೊಂಬತ್ತರ ಹೊಸ್ತಿಲಲ್ಲಿರುವ ನನಗೆ ಎಲ್ಲಿಗೂ ಬೇಗ ಮುಟ್ಟುವ ಅವಸರವಿಲ್ಲ. ನನ್ನ ತಕರಾರು ಆ ಕಾರಿನ ಬಾಯಿಯದು. ಸುಮ್ಮನಿರುವುದು ಅದಕ್ಕೆ ಗೊತ್ತೇ ಇಲ್ಲ.

ಮೊನ್ನೆ ವಿಜಯಪುರದಿಂದ ಮಹಾರಾಷ್ಟ್ರದ ಗಡಿಯಾಚೆಯ ನಮ್ಮ ವಳಸಂಗಕ್ಕೆ ಹೊರಟಿದ್ದೆವು. ನನ್ನ ಮೊಣಕಾಲಿಗೆ ಹಿಂದಿನ ಸೀಟೇ ಹಿತ. ಕಾಲು ಚಾಚಿ ಕೂರಬಹುದು. ಮುಂದೆ ಮಾಂತುವಿನ ಪಕ್ಕದ ಸೀಟಿನ ಮೇಲೆ ಬುತ್ತಿಯ ಚೀಲ ಇಟ್ಟಿದ್ದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ, ಉಳ್ಳಾಗಡ್ಡಿ. ಊರು ದಾಟುವಷ್ಟರಲ್ಲಿ ಕಾರು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು.

"ಏನಾತೋ ಇದಕ್ಕ?" ಎಂದೆ.

"ನಿನ್ನ ಬುತ್ತಿ ಭಾಳ ಭಾರ ಆಗೇತಿ ಯವ್ವಾ. ಯಾರೋ ಮನಷ್ಯಾ ಕುಂತಾನ ಅಂತ ತಿಳಕೊಂಡೈತಿ. ಅವನಿಗೂ ಬೆಲ್ಟ್ ಹಾಕ್ರಿ ಅಂತೈತಿ."

ಮಾಂತು ಕಾರು ನಿಲ್ಲಿಸಿ, ಆ ಬೆಲ್ಟನ್ನು ಎಳೆದು ಬುತ್ತಿಯ ಚೀಲಕ್ಕೆ ಬಿಗಿದ. ಸದ್ದು ನಿಂತಿತು. ಮುಂದಿನ ಗಾಜಿನ ಕೆಳಗೆ ಕೆಂಪಗೆ ಉರಿಯುತ್ತಿದ್ದ ಇಂಗ್ಲಿಷ್ ಅಕ್ಷರಗಳು ಇನ್ನೂ ಆರಿರಲಿಲ್ಲ. ಚಾಳೀಸು ಏರಿಸಿಕೊಂಡು ಕೂಡಿಸಿ ಕೂಡಿಸಿ ಓದಿದೆ. ಫಾಸನ್.

ನಗಬೇಡಿ. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಒಂದು ಕ್ರಿಯಾಪದ ಮಾತ್ರ ಬರುತ್ತದೆ, ಅದರ ಅಜ್ಜ ಮುತ್ತಜ್ಜರ ಸಮೇತ ಬರುತ್ತದೆ. ಅದನ್ನು ನನಗೆ ಕಲಿಸಿದವರು ನಮ್ಮ ಮನೆಯವರು. ವಳಸಂಗದ ಮರಾಠಿ ಸಾಲಿಯಲ್ಲಿ ಮಾಸ್ತರರಾಗಿದ್ದರು. ಸಾಲಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಸೊರಡಿಯಿಂದ ಮದುವೆಯಾಗಿ ಬಂದಾಗ ಅವರು ಮ್ಯಾಟ್ರಿಕ್ ಪರೀಕ್ಷೆಗೆ ಖಾಸಗಿಯಾಗಿ ಕೂರುವ ಹುರುಪಿನಲ್ಲಿದ್ದರು. ಜತ್ತಿನ ಸಂಸ್ಥಾನ ಹೋಗಿ ನಾವೆಲ್ಲ ಮುಂಬೈ ಸರಕಾರದವರಾಗಿ ಇನ್ನೂ ಭಾಳ ದಿನ ಆಗಿರಲಿಲ್ಲ. ಇಂಗ್ಲಿಷ್ ಬಂದರೆ ಎಲ್ಲಾದರೂ ಹೆಡ್ಮಾಸ್ತರ್ ಆಗಬಹುದು ಎಂದು ಅವರ ಲೆಕ್ಕ. ಅಂಗಳದಲ್ಲಿ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತ ಶಬ್ದಗಳನ್ನು ಉರು ಹೊಡೆಯುತ್ತಿದ್ದರು. ನಾನು ಬೀಸುವ ಕಲ್ಲಿನ ಮುಂದೆ ಕೂತು ಕೇಳುತ್ತಿದ್ದೆ. ಬೇರೆ ಯಾವ ಶಬ್ದವೂ ನನಗೆ ಹತ್ತಲಿಲ್ಲ. ಕಲ್ಲಿನ ಗುರುಗುರು ಸದ್ದಿನಲ್ಲಿ ಎಲ್ಲ ಹಿಟ್ಟಾಗಿ ಹೋದವು. ಇದೊಂದು ಉಳಿಯಿತು.

"ಫಾಸನ್ ಅಂದ್ರ ಬಿಗಿಯೂದು. ಇದರೊಳಗ ಟೀ ಅಂತ ಒಂದು ಅಕ್ಷರ ಐತಿ, ಆದರ ಅದನ್ನ ಅನ್ನಬಾರದು."

"ಅನ್ನಬಾರದಂದ್ರ ಯಾಕ ಕುಂದರಿಸ್ಯಾರ್ರಿ ಮತ್ತ?"

"ಹಿಂದಕ ಅಂತಿದ್ರಂತ. ಈಗ ಅನ್ನೂದಿಲ್ಲ. ಆದ್ರೂ ಅದರ ಜಾಗಾ ತಗದಿಲ್ಲ."

ಸಾಹೇಬರ ಮಂದಿ ವಿಚಿತ್ರ ಎಂದು ನಾನು ನಕ್ಕೆ. ಒಳಗೆ ಹಸನು ಮಾಡುತ್ತ ಕೂತಿದ್ದ ಅತ್ತೆ ನಗಲಿಲ್ಲ. ಅವರು ಮೊರ ಕೆಳಗಿಟ್ಟು, ಆ ಅಕ್ಷರ ಯಾವುದೆಂದು ನೆಲದ ಮೇಲೆ ಬರೆದು ತೋರಿಸೆಂದು ಮಗನಿಗೆ ಹೇಳಿದರು. ನಮ್ಮ ಮನೆಯವರು ಬೂದಿಯಲ್ಲಿ ಬರೆದು ತೋರಿಸಿದರು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಮೊರ ಎತ್ತಿಕೊಂಡರು.

ನಮ್ಮ ಮನೆಯವರ ಹತ್ತಿರ ಕಿತ್ತುಹೋದ ಒಂದು ದಪ್ಪ ನಿಘಂಟಿತ್ತು. ಅದರಲ್ಲಿ ಈ ಶಬ್ದಕ್ಕೆ ಒಂದು ಪುಟದ ಸಂಸಾರ. ಬಾಗಿಲಿಗೆ ಅಗಳಿ ಹಾಕುವುದೂ ಅದೇ, ಅಂಗಿಯ ಗುಂಡಿ ಹಾಕುವುದೂ ಅದೇ. ಕಣ್ಣು ಕೀಳದೆ ಒಬ್ಬರನ್ನು ನೋಡುವುದಕ್ಕೂ ಅದೇ ಮಾತು. ಹಲ್ಲು ಊರಿ ಹಿಡಿಯುವುದಕ್ಕೂ. ಅದರ ಮೂಲದಲ್ಲಿ ಗಟ್ಟಿ ಎಂಬ ಅರ್ಥವಂತೆ. ಉಪವಾಸಕ್ಕೆ ಇಂಗ್ಲಿಷಿನವರು ಹೇಳುವ ಮಾತೂ ಅದೇ ಬೇರಿನದು: ಹಿಡಿದದ್ದನ್ನು ಗಟ್ಟಿಯಾಗಿ ಹಿಡಿದಿರುವುದು. ಬಹಳ ಹಿಂದೆ, ಆಡಿದ ಮಾತನ್ನು ಗಟ್ಟಿ ಮಾಡುವುದು, ಆಡಿದ್ದನ್ನು ನಡೆಸುವುದು ಎಂದೂ ಅದಕ್ಕೆ ಅರ್ಥವಿತ್ತಂತೆ. ನಿಘಂಟು ಬರೆದವನು ಅದೆಲ್ಲಿಂದ ತಂದನೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವೆಲ್ಲ ಅರ್ಥಗಳೂ ಒಂದರ ಹಿಂದೊಂದು ನಡೆದವು. ಅದನ್ನೇ ಹೇಳುತ್ತೇನೆ ಕೇಳಿ.

ಬಿಗಿಯುವುದೇನು ನಮಗೆ ಹೊಸದೇ? ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಕೊರಳಿಗೆ ಲಿಂಗ ಕಟ್ಟುತ್ತಾರೆ, ನಡುವಿಗೆ ಉಡದಾರ ಕಟ್ಟುತ್ತಾರೆ, ದೃಷ್ಟಿಯಾಗದಿರಲೆಂದು ಮುಂಗೈಗೆ ಕರಿಮಣಿ. ರಾಶಿ ಮಾಡುವಾಗ ಎತ್ತಿನ ಬಾಯಿ ಕಟ್ಟುತ್ತಾರೆ. ಹಲ್ಲು ನೋವಿಗೆ ಗದ್ದ ಕಟ್ಟುತ್ತಾರೆ. ಮದುವೆಯ ದಿನ ನನ್ನ ಸೆರಗನ್ನೂ ಅವರ ಶಲ್ಯವನ್ನೂ ಗಂಟು ಹಾಕಿದ್ದರು. ನಾನು ನೀರು ಕುಡಿಯಲು ದಡಕ್ಕನೆ ಎದ್ದು, ಮಾಸ್ತರರನ್ನು ಮಂದಿಯ ನಡುವೆ ದರದರ ಎಳೆದುಕೊಂಡು ಹೋದೆ. ಸೊರಡಿಯಲ್ಲಿ ನನ್ನ ವಾರಿಗೆಯವರು ಬದುಕಿರುವ ತನಕ ಅದನ್ನು ಹೇಳಿ ನಕ್ಕರು.

ಆದರೆ ಇವೆಲ್ಲ ಎಲ್ಲ ಮನೆಗಳ ಕಟ್ಟು. ನನ್ನ ಗಂಡನ ಮನೆಯಲ್ಲಿ ಬೇರೊಂದು ಇತ್ತು.

ಪಡಸಾಲೆಯ ತೊಲೆಗೆ ಒಂದು ಕತ್ತರಿ ತೂಗುತ್ತಿತ್ತು. ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ. ಅದರ ಬಾಯಿ ಮುಚ್ಚಿ, ಕರಿ ಉಣ್ಣೆಯ ದಾರವನ್ನು ಸುತ್ತಿ ಸುತ್ತಿ ಗಂಟು ಹಾಕಿದ್ದರು. ತೊಲೆಯ ತುಂಬ ಜೇಡರ ಬಲೆ. ಕತ್ತರಿಯ ಮೇಲೆ ಮಾತ್ರ ಒಂದು ಎಳೆ ಇಲ್ಲ. ದಿನಾ ಅದಕ್ಕೆ ಲೋಬಾನದ ಹೊಗೆ ಹಾಕುತ್ತಿದ್ದರು. ಹೊಸ ಸೊಸೆ ನಾನು, ಏನು ಗೊತ್ತು? ಕುಬಸದ ದಾರ ಕತ್ತರಿಸಲು ಕತ್ತರಿ ಬೇಕಾಗಿ, ಖಾರ ಕುಟ್ಟುವ ಒಳ್ಳಿನ ಮೇಲೆ ಹತ್ತಿ ಕೈ ಚಾಚಿದೆ.

"ಮುಟ್ಟಬ್ಯಾಡಾ!"

ಅತ್ತೆಯ ಆ ಕೂಗಿಗೆ ನಾನು ಒಳ್ಳಿನಿಂದ ಜಾರಿ ಬಿದ್ದೆ. ಅವರು ನನ್ನನ್ನು ಎಬ್ಬಿಸಲಿಲ್ಲ. ಮೊದಲು ಗಂಟನ್ನು ನೋಡಿದರು, ಬೆರಳಿಂದ ಒತ್ತಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಕತೆಯನ್ನು ನಮ್ಮ ಮನೆಯವರೇ ಆಮೇಲೆ ಹೇಳಿದರು, ಅರ್ಧ ನಾಚಿಕೆಯಿಂದ. ಅವರಿಗೊಬ್ಬ ಅಣ್ಣ ಇದ್ದ. ಗುರಲಿಂಗಪ್ಪ. ನಮ್ಮ ಮನೆಯದು ಹೊಲದ ಜೊತೆಗೆ ಕಂಬಳಿ ವ್ಯಾಪಾರ. ಕುರುಬರಿಂದ ಕಂಬಳಿ ಕೊಂಡು ಸಂತೆಗೆ ಒಯ್ಯುತ್ತಿದ್ದರು. ನಾನು ಬರುವುದಕ್ಕೆ ಮುಂಚೆ, ಒಂದು ದಿನ ಗುರಲಿಂಗಪ್ಪ ಸೋನ್ಯಾಳಕ್ಕೆ ಹೋಗಿ, ಕಂಬಳಿ ಹೊತ್ತುಕೊಂಡು ಮಾಳದ ದಾರಿ ಹಿಡಿದು ಮನೆಗೆ ಹೊರಟ. ಮಾಳವೆಂದರೆ ನಮ್ಮ ಕಡೆ ಬರೀ ಕಲ್ಲು, ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಗಿಡ ಇರುವ ಬಯಲು. ಹೊತ್ತು ಇಳಿದರೂ ಅವನು ಬರಲಿಲ್ಲ.

ಮಾಳದಲ್ಲಿ ಕುರಿಯೋ ಕರುವೋ ತಪ್ಪಿಸಿಕೊಂಡರೆ ನಮ್ಮ ಕಡೆ ತೋಳನ ಬಾಯಿ ಕಟ್ಟಿಸುತ್ತಾರೆ. ಕುರುಬರಲ್ಲಿ ಅದನ್ನು ಬಲ್ಲವರಿರುತ್ತಾರೆ. ಕತ್ತರಿಯ ಬಾಯಿ ಮುಚ್ಚಿ, ಕಳೆದದ್ದರ ಹೆಸರು ಹೇಳಿ, ಕರಿ ಉಣ್ಣೆಯ ದಾರ ಬಿಗಿದರೆ, ಆ ಮಾಳದ ತೋಳನ ಬಾಯಿ ಮುಚ್ಚಿಕೊಳ್ಳುತ್ತದೆ. ಕಳೆದ ಜೀವವನ್ನು ಅದು ಮೂಸಬಹುದು, ಮುಟ್ಟಲಾರದು. ಜೀವ ಮನೆಗೆ ಬಂದ ಕೂಡಲೇ "ಮನಿಗೆ ಬಂತು" ಎಂದು ಹೇಳಿ ಗಂಟು ಬಿಚ್ಚಬೇಕು. ಕಟ್ಟಿದವರೇ ಬಿಚ್ಚಬೇಕು. ತೋಳವೂ ಒಂದು ಜೀವ. ಅದಕ್ಕೂ ಹೊಟ್ಟೆ ಇದೆ.

ಕುರಿಗೆ, ಕರುವಿಗೆ ಮಾಡುವುದು ಇದು. ಮನುಷ್ಯರಿಗೆ ಯಾರೂ ಮಾಡಿಸಿರಲಿಲ್ಲ. ಅತ್ತೆ ಅಂದು ಸಂಜೆ ಕುರುಬರ ಮಾಳಪ್ಪನ ಹಟ್ಟಿಗೆ ಹೋಗಿ, ಅವನ ಕತ್ತರಿಯನ್ನೇ ಇಸಿದುಕೊಂಡು, ಅವನು ಹೇಳಿಕೊಟ್ಟಂತೆ ತಮ್ಮ ಕೈಯಿಂದಲೇ ಕಟ್ಟಿದರು. "ಬ್ಯಾಡ ತಂಗೆವ್ವಾ, ಮನಷ್ಯಾರ ಹೆಸರಿಗೆ ಕಟ್ಟಬಾರದು" ಎಂದು ಅವನು ಹೇಳಿದ್ದನಂತೆ. ಮಾಳಪ್ಪ ಅತ್ತೆಗಿಂತ ಹಿರಿಯ, ಅವರನ್ನು ತಂಗಿ ಎಂದೇ ಕರೆಯುತ್ತಿದ್ದ. ತಂಗಿ ಕೇಳಲಿಲ್ಲ.

ಮರುದಿನ ಊರೇ ಮಾಳಕ್ಕೆ ಇಳಿದು ಹುಡುಕಿತು. ಒಂದು ಚಪ್ಪಲಿ ಸಿಕ್ಕಲಿಲ್ಲ, ಒಂದು ಕಂಬಳಿ ಸಿಕ್ಕಲಿಲ್ಲ, ಒಂದು ಹನಿ ರಕ್ತ ಕಾಣಲಿಲ್ಲ. ಮುಂಬೈ ಗಿರಣಿಗೆ ಹೋದನೆಂದು ಕೆಲವರು, ಸಾಧುಗಳ ಬೆನ್ನು ಹತ್ತಿದನೆಂದು ಕೆಲವರು. ತೋಳದ ಮಾತನ್ನು ಮಾತ್ರ ಅತ್ತೆಯ ಮುಂದೆ ಯಾರೂ ಎತ್ತುವಂತಿರಲಿಲ್ಲ.

"ತ್ವಾಳ ಮುಟ್ಟಿಲ್ಲ. ನಾ ಬಾಯಿ ಕಟ್ಟೀನಿ. ಕಟ್ಟು ಇರೂತನಾ ಅವನ ಜೀವಕ್ಕ ಏನೂ ಆಗೂದಿಲ್ಲ."

ಹೀಗಾಗಿ ಆ ಗಂಟು ಅಲ್ಲಿಯೇ ಉಳಿಯಿತು. ಅದು ಇರುವ ತನಕ ಅವರ ಮಗ ಎಲ್ಲೋ ನಡೆಯುತ್ತಿದ್ದಾನೆ. ಬಿಚ್ಚಿದರೆ ಅವನ ಮೇಲೆ ತೋಳ ಬಿಟ್ಟ ಹಾಗೆ. ಹಿರಿಯವನನ್ನು ಬಿಟ್ಟು ಕಿರಿಯವನಿಗೆ ಹೇಗೆ ಮದುವೆ ಮಾಡಿದಿರಿ ಎಂದು ಯಾರೋ ಕೇಳಿದ್ದಕ್ಕೆ, "ಹಿರ್ಯಾನ ಜಾಗಾ ಹಂಗ ಐತೆಲ್ಲ" ಎಂದಿದ್ದರಂತೆ ಅತ್ತೆ.

ನಾನು ಒಮ್ಮೆ ಜಾಣೆಯಾಗಲು ಹೋದೆ. ಮಾಳಪ್ಪ ಕಂಬಳಿ ಕೊಡಲು ಬಂದಿದ್ದಾಗ, "ಯಜ್ಜಾ, ಇಷ್ಟ ವರ್ಷ ಬಾಯಿ ಕಟ್ಟಿದ್ರ ಆ ತ್ವಾಳ ಉಪವಾಸ ಬಿದ್ದ ಸತ್ತಿರಬೇಕಲ್ಲರಿ?" ಎಂದು ಕೇಳಿದೆ. ಅವನು ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

"ಹೆಂಗ ಸಾಯತೈತವ್ವಾ? ಸಾಯಾಕೂ ಬಾಯಿ ಬಿಡಬೇಕಲ್ಲ?"

ಆ ಮಾತು ಕೇಳಿದ ಮೇಲೆ ನಾನು ಮಧ್ಯಾಹ್ನ ಹಿತ್ತಲ ಬಾಗಿಲು ತೆರೆದಿಡುವುದನ್ನು ಬಿಟ್ಟೆ.

ಮಾಂತು ಹುಟ್ಟಿದ. ಹುಟ್ಟಿದಾಗ ಒಳ್ಳೆಯ ಗುಂಡುಗುಂಡಗಿನ ಕೂಸು, ಹಾಲಿಗೆ ಮಹಾ ಹೊಟ್ಟೆಬಾಕ. ಮುಂದೆ ಬಿಸಿಲು ಏರಿ, ಬಾವಿಗಳು ತಳ ಕಂಡ ದಿನಗಳಲ್ಲಿ ಒಂದು ಮುಂಜಾನೆ ಎದೆಗೆ ಹಚ್ಚಿಕೊಂಡರೆ ತುಟಿ ಬಿಚ್ಚಲಿಲ್ಲ. ಹೊಟ್ಟೆ ತುಂಬಿರಬೇಕು ಎಂದುಕೊಂಡೆ. ಮಧ್ಯಾಹ್ನವೂ ಇಲ್ಲ. ಸಂಜೆಯೂ ಇಲ್ಲ. ಅಳಲು ಬಾಯಿ ತೆರೆಯಬೇಕಲ್ಲ, ಅದನ್ನೂ ಮಾಡಲಿಲ್ಲ, ಮೂಗಿನೊಳಗೇ ಹೂಂಕರಿಸುತ್ತಿತ್ತು. ಅತ್ತೆ ಬಜೆ ತೇದು ತುಟಿಗೆ ಹಚ್ಚಿದರು. ಬತ್ತಿ ಅದ್ದಿ ತುಟಿಗಳ ನಡುವೆ ಹಾಲು ಬಿಟ್ಟೆವು. ಹನಿ ಒಳಗೆ ಹೋದರೆ ಹೋಯಿತು, ಉಳಿದದ್ದು ಕತ್ತಿನ ಮೇಲೆ ಹರಿಯಿತು. ಮರುದಿನ ನಮ್ಮ ಮನೆಯವರು ಬೈಯುತ್ತ ಬಸ್ಸು ಹಿಡಿಸಿ ಜತ್ತಿನ ದವಾಖಾನೆಗೆ ಕರೆದುಕೊಂಡು ಹೋದರು. ಬಾಯಲ್ಲಿ ಬಿಳಿ ಹುಣ್ಣಾಗಿದೆ ಎಂದು ನೇರಳೆ ಬಣ್ಣದ ಔಷಧ ಹಚ್ಚಿ ಕಳಿಸಿದರು. ಮನೆಗೆ ಬಂದರೂ ಕೂಸು ಬಾಯಿ ಬಿಡಲಿಲ್ಲ. ಅದರ ಕೆನ್ನೆ ಒಳಗೆ ಹೋಗಿತ್ತು. ನನ್ನ ಎದೆ ಹಾಲು ಕಟ್ಟಿ ಕಲ್ಲಾಗಿ ನೋಯುತ್ತಿತ್ತು. ಕೂಸು ಉಳಿಯುವುದಿಲ್ಲ ಎಂದು ನನಗೆ ಅನಿಸಿತು. ಆ ಹೆದರಿಕೆಯನ್ನು ಇಂದೂ ಬಾಯಿ ಬಿಟ್ಟು ಹೇಳಲು ನನಗೆ ಬರುವುದಿಲ್ಲ.

ಮರುದಿನ ಮಟಮಟ ಮಧ್ಯಾಹ್ನ. ನಮ್ಮ ಮನೆಯವರು ಸಾಲಿಗೆ ಹೋಗಿದ್ದರು. ಕತ್ತೆಯೂ ಅರಚದ ಹೊತ್ತು ಅದು. ಅಂಗಳ ಬೆಳ್ಳಗೆ ಉರಿಯುತ್ತಿತ್ತು. ಪಡಸಾಲೆಯ ಕಟ್ಟೆಯ ಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ನಮ್ಮ ಅಂಗಳದ ಮುಂದೆ ಕಣ, ಕಣದಾಚೆ ಒಂದು ಜಾಲಿಗಿಡ, ಅದರಾಚೆ ಮಾಳ. ತಲೆ ಎತ್ತಿದರೆ ಜಾಲಿಯ ಬುಡದಲ್ಲಿ ಅದು ನಿಂತಿತ್ತು.

ನಾಯಿ ಎಂದುಕೊಂಡೆ ಮೊದಲು. ನಾಯಿಯ ನಿಲುವು ಹಾಗಿರುವುದಿಲ್ಲ. ಪಕ್ಕೆಲುಬು ಒಂದೊಂದೂ ಕಾಣುತ್ತಿದ್ದವು. ಅಂಥ ಬಿಸಿಲಿನಲ್ಲಿ ಎಂಥ ಮೃಗವಾದರೂ ನಾಲಿಗೆ ಹೊರಗೆ ಹಾಕಿ ತೇಕುತ್ತದೆ. ಇದರ ಬಾಯಿ ಮುಚ್ಚಿತ್ತು. ಹೊಲಿದ ಹಾಗೆ ಮುಚ್ಚಿತ್ತು. ಮಾಳಪ್ಪನ ಮಂದೆಯ ಕುರಿಮರಿಯೊಂದು ಕಣದಲ್ಲಿ ಬಿದ್ದ ಕಾಳು ಆಯುತ್ತ ಅದರ ಮೂಗಿನ ಕೆಳಗೇ ಹಾದುಹೋಯಿತು. ಅದು ತಲೆ ಬಗ್ಗಿಸಿ ಮರಿಯನ್ನು ಮೂಸಿತು, ಬಿಟ್ಟಿತು. ಅದರ ಕಣ್ಣು ನನ್ನ ಮೇಲಿರಲಿಲ್ಲ, ಕೂಸಿನ ಮೇಲಿರಲಿಲ್ಲ. ನನ್ನ ತಲೆಯ ಮೇಲಿಂದ ಪಡಸಾಲೆಯೊಳಗೆ, ತೊಲೆಯ ಮೇಲೆ ನೆಟ್ಟಿತ್ತು.

ಕೂಸನ್ನು ನೋಡಿದೆ. ಅದೂ ತಲೆ ಹಿಂದಕ್ಕೆ ಚೆಲ್ಲಿ, ತುಟಿ ಬಿಗಿದು, ಅದೇ ತೊಲೆಯನ್ನು ನೋಡುತ್ತಿತ್ತು.

"ಅತ್ಯಾ" ಎಂದು ಕರೆಯಲು ಹೋದೆ. ನನ್ನ ಬಾಯಿಂದಲೂ ಸದ್ದು ಬರಲಿಲ್ಲ.

ಆ ಹೊತ್ತಿಗೆ ಮರಿಯನ್ನು ಹುಡುಕಿಕೊಂಡು ಮಾಳಪ್ಪ ಬಂದ. ಕಣದ ಅಂಚಿಗೆ ಬಂದವನು ನಿಂತ. ನಾಲ್ಕು ಹೆಜ್ಜೆಯಾಚೆ ಅದು, ಈಚೆ ಅವನು. ಕೈಯಲ್ಲಿ ಕೋಲಿತ್ತು, ಎತ್ತಲಿಲ್ಲ. ಮರಿಯನ್ನು ಬಗಲಿಗೆ ಎತ್ತಿಕೊಂಡು ನಿಧಾನವಾಗಿ ನಡೆದು ನಮ್ಮ ಕಟ್ಟೆಗೆ ಬಂದು, ಒಳಗೆ ಕೇಳುವಂತೆ ಹೇಳಿದ.

"ತಂಗೆವ್ವಾ, ಹೊರಗ ಬಾ. ಬಾಗಲಕ್ಕ ಬಂದು ಬೇಡಾಕತ್ತೈತಿ."

ಅತ್ತೆ ಹೊರಗೆ ಬಂದರು. ಜಾಲಿಯ ಬುಡ ನೋಡಿದರು, ಕೂಸನ್ನು ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಮಾಳಪ್ಪಣ್ಣಾ, ಬಿಚ್ಚಿದ್ರ ನನ್ನ ಗುರ‍್ಯಾ ಹೋದನಲ್ಲೋ."

"ಬಿಚ್ಚದಿದ್ರ ಇದು ಹೋಗತೈತಿ" ಎಂದು ಅವನು ಕೂಸಿನ ಕಡೆ ಗದ್ದ ಎತ್ತಿದ.

"ಅವನು ಬಂದಿಲ್ಲ. ಬಂದಾನ ಅಂತ ಹೆಂಗ ಅನ್ನಲಿ? ಸುಳ್ಳ ಹೇಳಿ ಬಿಚ್ಚಲೇನು?"

"ಸುಳ್ಳ ಹೇಳಿದ್ರ ಅದಕ್ಕ ಗೊತ್ತಾಗತೈತಿ, ತಿರುಗಿ ಬರತೈತಿ. ಬಂದಾನ ಅಂದ್ರ ಬಂದಿರಬೇಕು ತಂಗೆವ್ವಾ."

ನಾನು ಸೊಸೆ. ಮಾತಾಡಬಾರದ ಜಾಗ. ಆದರೆ ತಾಯಿಯೂ ಹೌದಲ್ಲ? ಅತ್ತೆಯ ಕಾಲು ಹಿಡಿದು, "ಅತ್ಯಾ, ನನ್ನ ಕೂಸರಿ" ಎಂದೆ. ಅಷ್ಟೇ ಬಂತು ಬಾಯಿಗೆ. ಆ ಗಂಟಿನಲ್ಲಿ ಅವರ ಮಗನ ಜೀವವೂ ಇದೆ ಎಂಬುದು ನನಗೆ ಆಗ ನೆನಪಿಗೇ ಬರಲಿಲ್ಲ.

ಅತ್ತೆ ಒಳ್ಳು ಉರುಳಿಸಿ, ಅದರ ಮೇಲೆ ಹತ್ತಿ, ಕತ್ತರಿ ಇಳಿಸಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಒಳಗೆ ಕೂತರು. ಇಷ್ಟು ವರ್ಷದ ಹೊಗೆಗೆ ಉಣ್ಣೆ ಒಂದಕ್ಕೊಂದು ಮೆತ್ತಿ ಗಂಟು ಗೋಟಡಿಕೆಯಾಗಿತ್ತು. ಉಗುರಿಗೆ ಬಗ್ಗಲಿಲ್ಲ. ಕತ್ತರಿಸುವಂತಿಲ್ಲ, ಬಿಚ್ಚಬೇಕು. ಕೊನೆಗೆ ಗಂಟಿಗೆ ಹಲ್ಲು ಹಾಕಿದರು. ಮುದುಕಿಯ ಕತ್ತಿನ ನರ ಉಬ್ಬುವುದು, ಗಂಟಲಲ್ಲಿ ಗುರ್ ಎನ್ನುವ ಸದ್ದು, ಆಚೆ ಜಾಲಿಯ ಬುಡದಲ್ಲಿ ಅಲುಗದೆ ನಿಂತ ಅದು. ಎರಡರಲ್ಲಿ ಯಾವುದನ್ನು ನೋಡಿ ಹೆದರಬೇಕೋ ನನಗೆ ತಿಳಿಯಲಿಲ್ಲ.

ಗಂಟು ಸಡಿಲಾಯಿತು. ಬಾಯಿಂದ ಉಣ್ಣೆಯ ಎಳೆ ಉಗುಳಿ, ಅತ್ತೆ ತಲೆ ಎತ್ತಿ ಗಟ್ಟಿಯಾಗಿ ಹೇಳಿದರು.

"ಬಂದಾನ. ನನ್ನ ಮಗ ಗುರಲಿಂಗ ಮನಿಗೆ ಬಂದಾನ. ನಿನ್ನ ಬಾಯಿ ಬಿಟ್ಟೀನಿ, ಹೋಗು."

ಕತ್ತರಿ ಕಿರ್ ಎಂದು ಬಾಯಿ ತೆರೆಯಿತು. ಜಾಲಿಯ ಬುಡದಲ್ಲಿ ಅದೂ ತೆರೆಯಿತು, ದೊಡ್ಡದೊಂದು ಆಕಳಿಕೆ ತೆಗೆದ ಹಾಗೆ. ಒಳಗಿನ ಕೆಂಪು ನನಗೆ ಅಲ್ಲಿಂದಲೂ ಕಂಡಿತು. ಆಮೇಲೆ ಬೆನ್ನು ತಿರುಗಿಸಿ ಮಾಳಕ್ಕೆ ಇಳಿಯಿತು. ಓಡಲಿಲ್ಲ, ನಡೆದೇ ಹೋಯಿತು.

ಅತ್ತೆ ಅತ್ತಾರೆಂದು ನಾನು ಕಾದೆ. ಅವರು ಅಳಲಿಲ್ಲ. ಎದ್ದು, ಕತ್ತರಿಯನ್ನು ಮಾಳಪ್ಪನ ಕೈಗಿಟ್ಟು, ಒಳಗೆ ಹೋಗಿ, ಗೋಡೆಗೆ ಒರಗಿಸಿದ್ದ ಗುರಲಿಂಗಪ್ಪನ ಮಣೆ ತಂದು ಪಡಸಾಲೆಯಲ್ಲಿ ಹಾಕಿದರು.

"ಶಾಂತಾ, ಸೆರಗ ಹೊದ್ಕೊ. ನಿಮ್ಮ ಭಾವ ಬಂದಾನ. ಗಂಗಾಳ ಹಾಕು."

ಗಂಡನ ಅಣ್ಣನ ಮುಂದೆ ಸೊಸೆ ಬರಿ ತಲೆಯಲ್ಲಿ ತಿರುಗಬಾರದು. ಇದು ನಮ್ಮ ಕಡೆಯ ಪದ್ಧತಿ. ನಾನು ಮಾಳಪ್ಪನ ಮುಖ ನೋಡಿದೆ. ಅವನು ಮಣೆಯ ಕಡೆಗೆ ಕೈ ಮುಗಿದು, "ಆರಾಮ ಏನಪಾ ಗುರಲಿಂಗಾ" ಎಂದ. ನಾನು ಸೆರಗು ಎಳೆದುಕೊಂಡೆ. ನಾನು ಎಂದೂ ಕಣ್ಣಿಂದ ಕಾಣದ ಭಾವನಿಗೆ ರೊಟ್ಟಿ ಬಡಿಸಿದೆ.

ಸಂಜೆಯ ಹೊತ್ತಿಗೆ ಮಾಂತು ತುಟಿ ಬಿಚ್ಚಿ ಎದೆಗೆ ಬಿದ್ದ. ಸಾಲಿಯಿಂದ ಬಂದ ನಮ್ಮ ಮನೆಯವರು, "ನೇರಳೆ ಔಷಧ ಹತ್ತಾಕ ಟೈಮ್ ಬೇಕು ಅಂತ ನಾ ಹೇಳಿರಲಿಲ್ಲೇನು?" ಎಂದು ಮೀಸೆ ತಿರುವಿದರು. ಮರುದಿನ ಬೆಳಿಗ್ಗೆ ಮಾಳಪ್ಪ ಬಂದು, ಅದೇ ಕುರಿಮರಿಯನ್ನು ತೋಳ ಒಯ್ಯಿತೆಂದು ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಹಸದಿತ್ತವ್ವಾ, ಉಂಡ ಹೋತು" ಎಂದ. ಔಷಧಕ್ಕೋ ಕತ್ತರಿಗೋ ಎಂದು ನನ್ನನ್ನು ಕೇಳಬೇಡಿ. ನನಗೆ ಕೂಸು ಉಳಿಯಿತು. ನಾನು ಎರಡಕ್ಕೂ ಕೈ ಮುಗಿದೆ.

ಅಂದಿನಿಂದ ಭಾವ ಮನೆಯಲ್ಲಿದ್ದರು. ಇದು ತಮಾಷೆಯಲ್ಲ. ಅತ್ತೆ ಆಡಿದ ಮಾತು ಸುಳ್ಳಾದರೆ ಅದು ಮತ್ತೆ ಬಂದು ಜಾಲಿಯ ಬುಡದಲ್ಲಿ ನಿಲ್ಲುತ್ತದೆ, ನನ್ನ ಕೂಸು ಮತ್ತೆ ಬಾಯಿ ಮುಚ್ಚುತ್ತದೆ. ಹಾಗಾಗಿ ದಿನಾ ಮಧ್ಯಾಹ್ನ ಮಣೆ, ಗಂಗಾಳ, ತಂಬಿಗೆಯಲ್ಲಿ ನೀರು. ಉಂಡಾದ ಮೇಲೆ ಆ ರೊಟ್ಟಿ ಆಕಳಿಗೆ. ಪಡಸಾಲೆ ದಾಟುವಾಗ ನನ್ನ ಸೆರಗು ತಲೆಯ ಮೇಲೆ. ನೆಂಟರು ಬಂದು ಆ ಮಣೆಯ ಮೇಲೆ ಕೂರಲು ಹೋದರೆ, "ಅಲ್ಲಿ ಬ್ಯಾಡ್ರಿ, ಈ ಕಡೆ ಬರ್ರಿ, ಇಲ್ಲಿ ಕುಂದ್ರಿ" ಎಂದು ಅತ್ತೆ ಕಂಬಳಿ ಹಾಸುತ್ತಿದ್ದರು. ಸೊರಡಿಯಿಂದ ಒಬ್ಬರು, ಹಿರಿಯ ಮಗ ಬಂದಿದ್ದಾನೆಂದು ಕೇಳಿ ಹೆಣ್ಣಿನ ಮಾತು ತಂದರು. ಅತ್ತೆ ಮಣೆಯ ಕಡೆ ಒಮ್ಮೆ ನೋಡಿ, "ಸದ್ಯಕ್ಕ ಬ್ಯಾಡ ಅಂತಾನ್ರಿ" ಎಂದು ಚಹಾ ಕುಡಿಸಿ ಕಳಿಸಿದರು. ಅವರು ಹೋಗುವ ದಾರಿಯಲ್ಲಿ ಎಷ್ಟು ಸಲ ಹಿಂದಿರುಗಿ ನೋಡಿದರೋ!

ನಮ್ಮ ಮನೆಯವರು ಮೊದಮೊದಲು ಸಿಡುಕುತ್ತಿದ್ದರು. "ಓದಿದಾವ್ರ ಮನಿ ಇದು" ಎನ್ನುತ್ತಿದ್ದರು. ಒಂದು ದಿನ ನಾನು ಅಡುಗೆಮನೆಯಿಂದ ಇಣುಕಿದರೆ, ಉಣ್ಣುತ್ತ ಕೂತವರು ಪಕ್ಕದ ಖಾಲಿ ಮಣೆಗೆ, "ಈ ವರ್ಷ ಕೆಳಗಿನ ಹೊಲಕ್ಕ ಕಡ್ಲಿ ಹಾಕೂನೇನು ಅಣ್ಣಾ?" ಎನ್ನುತ್ತಿದ್ದರು. ನಾನು ನಗದೆ ಹಿಂದೆ ಸರಿದೆ. ಆ ವರ್ಷ ಕೆಳಗಿನ ಹೊಲಕ್ಕೆ ಕಡಲೆಯನ್ನೇ ಹಾಕಿದರು. ಮ್ಯಾಟ್ರಿಕ್ ಮಾತ್ರ ಅವರಿಗೆ ಕೊನೆಯ ತನಕ ದಕ್ಕಲಿಲ್ಲ.

ಮಾಂತು ಬೆಳೆದು ಅಂಬೆಗಾಲು ದಾಟಿ, ನಡೆದು, ಮಾತು ಕಲಿತ. ಇನ್ನೂ ಸಾಲಿಗೆ ಹಾಕಿರಲಿಲ್ಲ. ದಿನಾ ದೊಡ್ಡಪ್ಪನ ಮಣೆಯ ಎದುರು ತನ್ನ ಪುಟ್ಟ ತಾಟು ಇಟ್ಟುಕೊಂಡು ಉಣ್ಣುತ್ತಿದ್ದ. ಅಂದೂ ಹಾಗೇ ಬೇಸಿಗೆಯ ಮಧ್ಯಾಹ್ನ. ಅತ್ತೆ ಬಾಗಿಲ ಬಳಿ ಕೂತು ಬೀಸಣಿಕೆ ಆಡಿಸುತ್ತಿದ್ದರು. ನಾನು ಭಾವನ ಗಂಗಾಳಕ್ಕೆ ರೊಟ್ಟಿ, ಪಲ್ಯ ಹಾಕಿ ತಿರುಗುತ್ತಿದ್ದೆ.

"ಯವ್ವಾ, ದೊಡ್ಡಪ್ಪಗ ಉಳ್ಳಾಗಡ್ಡಿ ಬೇಕಂತ."

ನಾನು ನಿಂತೆ. "ಯಾರ ಹೇಳಿದರೋ?"

"ದೊಡ್ಡಪ್ಪ. ಹೆಚ್ಚಬ್ಯಾಡ ಅಂತ. ಹಿಂಗ ಗುದ್ದತಾನಂತ" ಎಂದು ಮಾಂತು ತನ್ನ ಪುಟ್ಟ ಮುಷ್ಟಿಯಿಂದ ನೆಲವನ್ನು ಗುದ್ದಿ ತೋರಿಸಿದ. ಆಮೇಲೆ ಎದುರಿನ ಮಣೆಯ ಕಡೆ ನೋಡಿ ನಕ್ಕ. ಯಾರಾದರೂ ಮೊದಲು ನಕ್ಕರೆ ನಾವು ಪ್ರತಿಯಾಗಿ ನಗುತ್ತೇವಲ್ಲ, ಹಾಗೆ ನಕ್ಕ.

ಬೀಸಣಿಕೆ ನಿಂತಿತು. ಗುರಲಿಂಗಪ್ಪ ಉಳ್ಳಾಗಡ್ಡಿಯನ್ನು ಗುದ್ದಿ ತಿನ್ನುತ್ತಿದ್ದರೆಂದು ನನಗೇ ಗೊತ್ತಿರಲಿಲ್ಲ. ಕೂಸಿಗೆ ಅದನ್ನು ಯಾರು ಹೇಳಿದ್ದರು? ನಮ್ಮ ಮನೆಯವರೇ ಎಂದಾದರೂ ಆಡಿರಬಹುದು ಎಂದು ಆಮೇಲೆ ಎಷ್ಟೋ ಸಲ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ. ಅವರು ಇಲ್ಲ ಎಂದೇ ಹೇಳಿದರು.

ಅತ್ತೆ ಮಣೆಯನ್ನು ನೋಡಿದರು. ಭಾಳ ಹೊತ್ತು ನೋಡಿದರು. ಮಗ ಬಂದನೆಂದು ಹಿಗ್ಗುತ್ತಾರೆಂದು ನಾನು ತಿಳಿದಿದ್ದೆ. ಅವರ ಮುಖ ನೋಡನೋಡುತ್ತ ಕುಸಿಯಿತು. ಬೀಸಣಿಕೆ ಕೈಬಿಟ್ಟು, ಎದೆ ಬಡಿದುಕೊಂಡು, "ಯಪ್ಪಾ ನನ್ನ ಗುರ‍್ಯಾ" ಎಂದು ಚೀರಿ ಅತ್ತರು. ಗಂಟು ಬಿಚ್ಚಿದ ದಿನವೂ ಅಳದವರು, ಹುಡುಕಲು ಹೋದವರು ಬರಿಗೈಯಲ್ಲಿ ಬಂದಾಗಲೂ ಅಳದವರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬದುಕಿದ್ದವನು ಬಂದಿದ್ದರೆ ಮಾಳದ ದಾರಿಯಿಂದ ನಡೆದು ಬರುತ್ತಿದ್ದ, ಕಾಲು ತೊಳೆಯಲು ನೀರು ಕೇಳುತ್ತಿದ್ದ. ಹೀಗೆ ಬಂದು ಕೂತಿದ್ದಾನೆಂದರೆ ಅವನು ಇನ್ನು ನಡೆದು ಬರುವವನಲ್ಲ.

ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು, "ಶಾಂತಾ, ಉಳ್ಳಾಗಡ್ಡಿ ಕೊಡು. ಹೆಚ್ಚಬ್ಯಾಡ" ಎಂದರು. ನಾನು ಇಡಿಯ ಉಳ್ಳಾಗಡ್ಡಿ ತಂದು ಗಂಗಾಳದ ಅಂಚಿಗೆ ಇಟ್ಟೆ. ಅವರು ಹತ್ತಿರ ಸರಿದು, ಮಣೆಯ ಮೇಲೆ ಅಂಗೈ ಊರಿ ಕೂತರು.

"ನಾ ಸುಳ್ಳ ಹೇಳಿರಲಿಲ್ಲ ನೋಡವ್ವಾ" ಎಂದರು. "ಬಂದಾನ."

ಆಮೇಲೆ ಮಾಂತು ದೊಡ್ಡಪ್ಪನ ಮಾತು ಎತ್ತಲಿಲ್ಲ. ಸಾಲಿಗೆ ಹೋದ, ಮರೆತ. ಅತ್ತೆ ಇರುವ ತನಕ ಗಂಗಾಳ ಹಾಕಿದೆ. ಅವರು ಹೋದ ಮೇಲೆಯೂ ಹಾಕಿದೆ. ಮನೆ ಬಿಟ್ಟು ವಿಜಯಪುರಕ್ಕೆ ಬಂದಾಗ ಮಣೆಯನ್ನು ಅಲ್ಲಿಯೇ, ಅದೇ ಜಾಗದಲ್ಲಿ ಬಿಟ್ಟು ಬಂದೆವು. ಅದನ್ನು ನೋಡಿ, ಒರೆಸಿ, ಬುತ್ತಿ ಬಿಚ್ಚಿ ಬಡಿಸಿ ಬರಲೆಂದೇ ವರ್ಷಕ್ಕೊಮ್ಮೆ ಮಗನನ್ನು ಕಾಡಿ ಕರೆದುಕೊಂಡು ಹೋಗುತ್ತೇನೆ. ಅಜ್ಜಿಯ ನೆನಪಿಗೆ ಎಂದು ಅವನಿಗೆ ಹೇಳಿದ್ದೇನೆ.

ಮೊನ್ನೆಯೂ ಬಡಿಸಿದೆ. ಬಿಸಿಲು ಇಳಿಯುವ ಮುಂಚೆ ಹೊರಟೆವು. ಬುತ್ತಿಯ ಚೀಲ ಬರಿದಾಗಿತ್ತು. ಅದನ್ನು ಹಿಂದೆ ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಮಾಂತುವಿನ ಪಕ್ಕದ ಸೀಟಿನ ಮೇಲೆ ಏನೂ ಇರಲಿಲ್ಲ. ಕಣ ಬಳಸಿ, ಜಾಲಿಗಿಡ ದಾಟಿ, ಕಾರು ಮಾಳದ ದಾರಿಗೆ ಹೊರಳಿತು.

ಟಿಣ್ ಟಿಣ್ ಟಿಣ್.

ಮುಂದೆ ಕೆಂಪು ಅಕ್ಷರ ಹೊತ್ತಿಕೊಂಡಿತು. ಮಾಂತು ಖಾಲಿ ಸೀಟು ನೋಡಿದ, ಕೈಯಿಂದ ಸವರಿ ನೋಡಿದ. "ಏನೋ ಕೆಟ್ಟೈತಿ ಇದರಾಗ" ಎಂದು ಗೊಣಗುತ್ತ, ಬೆಲ್ಟು ಎಳೆದು ಆ ಸೀಟಿಗೆ ಅಡ್ಡ ಬಿಗಿದ. ಸದ್ದು ನಿಂತಿತು.

ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಉಳ್ಳಾಗಡ್ಡಿ ಒಂದಾದರೂ ಉಳಿದಿದೆಯೇ ಎಂದು ಚೀಲದೊಳಗೆ ಕೈಯಾಡಿಸಿದೆ.